ಮಂಚದ ಕಂಬಿ

ಜೂನ್ ೪

ಮಗಳೇ,

ನಿನ್ನ ಕಾಗದ ನಿನ್ನ ಅಣ್ಣನ ಕೈಗೆ ಸಿಗುವ ಮೊದಲು ನನ್ನ ಕೈಗೆ ಸಿಕ್ಕಿದ್ದು ಪುಣ್ಯ. ಹೈಸ್ಕೂಲ್ ಟೀಚರ್ ಕೆಲಸ ಬಿಟ್ಟು ನರ್ಸಿಂಗ್ ಕಲಿಯಲು ಸೇರಿದ್ದೇನೆ ಎಂದು ಬರೆದಿದ್ದೀಯ. ಸೇರಲೇ ಎಂದಲ್ಲ, ಸೇರಿದ್ದೇನೆ ಎಂದು. ಕೇಳಿದರೆ ಅಮ್ಮ ಬೇಡ ಎನ್ನುತ್ತಾಳೆಂದು ಗೊತ್ತಿರುವವರು ಹೀಗೇ ಬರೆಯುವುದು.

ನಿನ್ನ ಮಗಳು ಕಾಲೇಜಿನಲ್ಲಿ ಮೊದಲ ವರ್ಷ, ನೀನೂ ಮೊದಲ ವರ್ಷ. ಅವಳಿಗೂ ಹಾಸ್ಟೆಲ್, ನಿನಗೂ ಹಾಸ್ಟೆಲ್. ಅಳಿಯಂದಿರಿಗೆ ಇನ್ನು ಗೋಡೆಯೇ ಜೊತೆ. ಅವರು ಏನೂ ಹೇಳಲಿಲ್ಲ ಎಂದಿದ್ದೀಯ. ಅವರು ಮದುವೆಯ ದಿನವೂ ಏನೂ ಹೇಳಲಿಲ್ಲ, ಅದನ್ನು ಒಪ್ಪಿಗೆ ಎಂದು ತಿಳಿಯಬೇಡ.

ನಾನು ನಾಲ್ಕನೇ ಕ್ಲಾಸಿಗೆ ಪಾಟಿ ಕೆಳಗಿಟ್ಟವಳು. ನೀನು ಟೀಚರಾದ ದಿನದಿಂದ ನನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ, ಟೀಚರ ತಾಯಿ ಎಂದೇ ಕರೆದಿದ್ದಾರೆ. ಆ ಹೆಸರು ನನಗೆ ಮೈಮೇಲಿನ ಬಟ್ಟೆಯ ಹಾಗೆ ಅಭ್ಯಾಸವಾಗಿಬಿಟ್ಟಿದೆ. ಈ ವಯಸ್ಸಿನಲ್ಲಿ ಅದನ್ನು ಬಿಚ್ಚಿಕೊಡು ಎನ್ನುತ್ತೀಯ.

ನಿಮ್ಮಪ್ಪ ಹಾಸಿಗೆ ಹಿಡಿದಾಗ ನೀನು ರಜೆ ಹಾಕಿ ಬಂದು ಮಾಡಿದ್ದು ಮಗಳ ಕೆಲಸ. ಅದನ್ನು ಯಾರೂ ಕೀಳೆನ್ನಲಿಲ್ಲ, ಹೊಗಳಿದರು. ಕಂಡಕಂಡವರ ಮಲಮೂತ್ರ ಬಳಿಯುವುದು ಬೇರೆ. ಬರೆಯುವುದಕ್ಕೇ ನನಗೆ ಹೇಸಿಗೆಯಾಗುತ್ತಿದೆ, ಮಾಡುವವಳಿಗೆ ಆಗುವುದಿಲ್ಲವೇ?

ಹಠ ಬಿಟ್ಟು ಶಾಲೆಗೆ ಹೋಗಿ ಹೆಡ್‌ಮಾಸ್ತರರನ್ನು ಕಾಣು. ಬುದ್ಧಿ ಕೆಟ್ಟಿತ್ತು, ಈಗ ಸರಿಯಾಯಿತು ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೋಪದಲ್ಲಿರುವ
ಅಮ್ಮ

ಜೂನ್ ೨೧

ಅಮ್ಮ,

ಬೈಗುಳ ಸುಖವಾಗಿ ತಲುಪಿತು.

ಇಲ್ಲಿ ಮೊದಲ ದಿನ ನಾನು ಕ್ಲಾಸಿನೊಳಗೆ ಕಾಲಿಟ್ಟದ್ದೇ ಹುಡುಗಿಯರೆಲ್ಲ ಎದ್ದು ನಿಂತರು, ಪಾಠ ಮಾಡುವವರು ಬಂದರು ಎಂದುಕೊಂಡು. ನಾನೂ ಅಭ್ಯಾಸಬಲದಿಂದ ಕೂತ್ಕೊಳ್ಳಿ ಎಂದುಬಿಟ್ಟೆ. ಆಮೇಲೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಆವತ್ತಿನಿಂದ ನನ್ನ ಹೆಸರು ಆಂಟಿ.

ಅಪ್ಪನ ವಿಷಯ ಬರೆದಿದ್ದೀಯ. ಮಾತು ನಿಂತ ಮೇಲೆ ಯಾರು ಮುಟ್ಟಿದರೂ ಅಪ್ಪ ಮುಷ್ಟಿ ಬಿಗಿಯುತ್ತಿದ್ದರು. ಅಪ್ಪಾ, ಈಗ ಎಡಗೈ ಎತ್ತುತ್ತೇನೆ ಎಂದು ಹೇಳಿ ಎತ್ತಿದರೆ ಬಿಗಿಯುತ್ತಿರಲಿಲ್ಲ. ಅದನ್ನು ಕಂಡುಕೊಂಡ ದಿನ ನನಗೆ ಆದ ಸಂತೋಷ ಅಷ್ಟು ವರ್ಷದ ಮೇಷ್ಟರಿಕೆಯಲ್ಲಿ ಆಗಿರಲಿಲ್ಲ. ಶಾಲೆಗೆ ಮರಳಿ ಬೋರ್ಡಿನ ಮೇಲೆ ಯುದ್ಧಗಳ ತಾರೀಕು ಬರೆಯುವಾಗ ನನ್ನ ಕೈಗೆ ಕೆಲಸವೇ ಇಲ್ಲ ಎನಿಸುತ್ತಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಇದ್ದಿದ್ದರೆ ನಿನ್ನನ್ನು ಒಪ್ಪಿಸಲು ಸುಲಭವಾಗುತ್ತಿತ್ತು.

ಹಿಂದಕ್ಕೆ ಹೋಗುವ ದಾರಿ ಇದೆಯೋ ಇಲ್ಲವೋ, ನಾನು ಹುಡುಕಿಲ್ಲ.

ನಿನ್ನ ಮಗಳು

ಸೆಪ್ಟೆಂಬರ್ ೯

ಮಗಳೇ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪಕ್ಕಲ್ಲ. ಕೋಪ ಜುಲೈಯಲ್ಲೇ ಮುಗಿಯಿತು. ಬರೆಯಲಾರದ ಕೆಲಸವೊಂದನ್ನು ಮಾಡಿದ್ದೇನೆ.

ನಿನ್ನ ಅಣ್ಣನ ಕಟ್ಟಡದ ಕೆಳಗೆ ಒಂದು ಉದ್ದನೆಯ ಬೆಂಚು ಇದೆಯಲ್ಲ, ಸಂಜೆ ನಾವು ಐದಾರು ಜನ ಮುದುಕಿಯರು ಕೂರುವುದು ಅಲ್ಲಿ. ಒಬ್ಬಳು ಪೋಸ್ಟ್‌ಮಾಸ್ತರರ ಹೆಂಡತಿ, ನಾವು ಪೋಸ್ಟಮ್ಮ ಎನ್ನುತ್ತೇವೆ. ಬಾಯಿ ಜೋರು, ಮನಸ್ಸು ಹತ್ತಿ. ಈ ಊರಿನಲ್ಲಿ ನನಗೆ ಗೆಳತಿ ಎಂದರೆ ಅವಳೇ. ಇನ್ನೊಬ್ಬಳು ಮೇಲಿನ ಮನೆಯ ವಕೀಲರ ಅತ್ತೆ. ಅಳಿಯ ಕೋರ್ಟಿನಲ್ಲಿ ಕೇಳುವ ಪ್ರಶ್ನೆಗಳನ್ನೆಲ್ಲ ಇವಳು ಬೆಂಚಿನ ಮೇಲೆ ಕೇಳುತ್ತಾಳೆ. ನಿನ್ನನ್ನು ಇವರಿಬ್ಬರೂ ಕಂಡಿಲ್ಲ.

ಟೀಚರ್ ಮಗಳು ಏನು ಮಾಡ್ತಿದ್ದಾಳೆ ಎಂದು ವಕೀಲರ ಅತ್ತೆ ಕೇಳಿದಳು. ಶಾಲೆಯಲ್ಲೇ ಇದ್ದಾಳೆ ಎಂದು ಹೇಳಿ ಬಾಯಿ ಮುಚ್ಚಬಹುದಿತ್ತು. ನಾಲಿಗೆಗೆ ಎಲುಬಿಲ್ಲ. ಹೆಡ್‌ಮಿಸ್ ಆಗಿದ್ದಾಳೆ ಎಂದುಬಿಟ್ಟೆ. ಪೋಸ್ಟಮ್ಮ ಸಂತೋಷಪಟ್ಟು ನನ್ನ ಬೆನ್ನು ತಟ್ಟಿದಳು. ಮೂರನೆಯ ಮಹಡಿಗೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿಕೊಂಡು ಹೋದೆ, ಲಿಫ್ಟಿನಲ್ಲಿ ಕನ್ನಡಿ ಇದೆ ಎಂದು.

ನಿನಗೆ ಗೊತ್ತಿರಲಿ ಎಂದು ಬರೆದೆ. ಯಾರಾದರೂ ಕೇಳಿದರೆ ನೀನು ಹೆಡ್‌ಮಿಸ್.

ಅಮ್ಮ

ಡಿಸೆಂಬರ್ ೧೮

ಅಮ್ಮ,

ಬಡ್ತಿ ಕೊಟ್ಟಿದ್ದಕ್ಕೆ ಧನ್ಯವಾದ. ಹೆಡ್‌ಮಿಸ್ ನಿನ್ನೆ ಬಚ್ಚಲು ತೊಳೆದಳು.

ಜನವರಿಯಿಂದ ನಮ್ಮನ್ನು ವಾರ್ಡಿನ ಕೆಲಸಕ್ಕೆ ಹಾಕುತ್ತಾರೆ. ನನಗೆ ಬಿದ್ದಿರುವುದು ನಿಮ್ಮೂರಿನ ದೊಡ್ಡಾಸ್ಪತ್ರೆ, ಮೂಳೆ ವಾರ್ಡು. ಅಲ್ಲೇ ಹಾಸ್ಟೆಲಿನಲ್ಲಿ ಇರುತ್ತೇನೆ. ಅಣ್ಣನ ಮನೆಗೆ ಒಂದೇ ಬಸ್ಸು ಎಂದು ಗೊತ್ತಾದಾಗ ಮೊದಲು ಕುಣಿದೆ, ಆಮೇಲೆ ಬೆಂಚು ನೆನಪಾಯಿತು.

ಏನು ಮಾಡಲಿ, ನೀನೇ ಹೇಳು.

ನಿನ್ನ ಮಗಳು

ಡಿಸೆಂಬರ್ ೨೬

ಮಗಳೇ,

ಇದೇನು ಕೇಳುವ ಮಾತು? ಅಣ್ಣನ ಮನೆಗೆ ಬರಲು ಅಪ್ಪಣೆ ಬೇಕೇ? ಭಾನುವಾರ ಬಾ, ಊಟಕ್ಕೆ ಬಾ. ಯೂನಿಫಾರ್ಮಿನಲ್ಲಿ ಮಾತ್ರ ಬರಬೇಡ. ಬೆಳಿಗ್ಗೆ ಬಂದರೆ ಬೆಂಚು ಖಾಲಿ ಇರುತ್ತದೆ.

ನಾನು ಹೀಗೆ ಬರೆದೆ ಎಂದು ಅಣ್ಣನಿಗೆ ಹೇಳಬೇಡ.

ಅಮ್ಮ

ಫೆಬ್ರವರಿ ೧೭

ಮಗಳೇ,

ಊರು ಒಂದೇ, ಬಂದು ಹೇಳಬಹುದಾದ ಮಾತು. ಫೋನಿನಲ್ಲಿ ನನಗೆ ಕಿವಿ ಕೇಳಿಸುವುದಿಲ್ಲ ಎಂಬುದು ಒಂದು ನೆಪ. ಎದುರಿಗೆ ಕೂತರೆ ನೀನು ನನ್ನ ಮುಖ ನೋಡುತ್ತೀಯ. ಕಾಗದ ನೋಡುವುದಿಲ್ಲ.

ಪೋಸ್ಟಮ್ಮ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು, ನಿಮ್ಮ ಆಸ್ಪತ್ರೆಗೆ ಸೇರಿಸಿದರು. ನಿನ್ನ ವಾರ್ಡು ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಗೊತ್ತಿತ್ತು. ಮೂಳೆ ಮುರಿದವಳನ್ನು ಹೆರಿಗೆ ವಾರ್ಡಿಗೆ ಹಾಕುತ್ತಾರೆಯೇ? ಸಂಜೆಯ ಹೊತ್ತು ನಿನ್ನ ಪಾಳಿ ಇರಲಾರದು ಎಂದು ಧೈರ್ಯ ಮಾಡಿ ವಕೀಲರ ಅತ್ತೆಯ ಜೊತೆ ಹೊರಟೆ.

ನಾವು ಹೋದಾಗ ಪೋಸ್ಟಮ್ಮ ಬೆಡ್‌ಪ್ಯಾನಿಗೆ ಕರೆದು ಕರೆದು ಸೋತು ಅಳುವ ಹಾಗಿದ್ದಳು. ಆಗ ನೀನು ಪರದೆ ಸರಿಸಿಕೊಂಡು ಬಂದೆ. ಮೂಗಿನ ಮೇಲಕ್ಕೆ ಮಾಸ್ಕು. ನನಗೆ ಕಣ್ಣು ಕಂಡರೆ ಸಾಲದೇ? ಪೋಸ್ಟಮ್ಮ ನಿನ್ನ ಮೇಲೆ ಹರಿಹಾಯ್ದಳು. ಹಾಸಿಗೆ ಒದ್ದೆಯಾದ ಮೇಲೆ ಬಂದು ಏನು ಪ್ರಯೋಜನ, ನಿಮ್ಮ ಮನೆಯವರಾಗಿದ್ದರೆ ಹೀಗೆ ಬಿಡುತ್ತಿದ್ದೆಯಾ ಎಂದಳು. ವಕೀಲರ ಅತ್ತೆ ಒಗ್ಗರಣೆ ಹಾಕಿದಳು. ಆ ಕಡೆ ಒಬ್ಬರಿಗೆ ವಾಂತಿಯಾಗುತ್ತಿತ್ತು, ತಡವಾಯಿತು, ತಪ್ಪಾಯಿತು ಎಂದು ನೀನು ಹೇಳಿದೆ. ಹೇಳಿ ನನ್ನ ಕಡೆ ನೋಡಿದೆ.

ಅವರಿಬ್ಬರೂ ನನ್ನ ಕಡೆ ನೋಡಿದರು. ನಾನೂ ಏನಾದರೂ ಹೇಳಬೇಕಾಗಿತ್ತು.

"ಏನ್ ಸಿಸ್ಟರ್, ವಯಸ್ಸಾದೋರನ್ನ ಹೀಗಾ ನೋಡ್ಕೊಳ್ಳೋದು?" ಎಂದೆ.

"ಸ್ವಲ್ಪ ಹೊರಗೆ ನಿಂತ್ಕೊಳ್ಳಿ ಅಜ್ಜಿ" ಎಂದೆ ನೀನು.

ಪರದೆಯ ಹೊರಗೆ ನಿಂತು ಕೇಳಿಸಿಕೊಂಡೆ. ಈಗ ಬಲಗಡೆ ತಿರುಗಿಸ್ತೀನಿ, ಸ್ವಲ್ಪ ನೋವಾಗುತ್ತೆ, ಈಗ ಹೊದಿಕೆ ತೆಗೀತೀನಿ ಎಂದು ನೀನು ಒಂದೊಂದನ್ನೂ ಹೇಳಿ ಮಾಡುತ್ತಿದ್ದೆ. ಪೋಸ್ಟಮ್ಮನ ದನಿ ಮೆಲ್ಲಗೆ ಇಳಿಯಿತು. ನೀನು ಮಂಚದ ಪಕ್ಕದ ತಡೆಕಂಬಿ ಎತ್ತಿ, ಬೆಡ್‌ಪ್ಯಾನ್ ಮುಚ್ಚಿಕೊಂಡು ನನ್ನ ಮಗ್ಗುಲಿನಿಂದಲೇ ಹೋದೆ. ನಾನು ಗೋಡೆಗೆ ಅಂಟಿ ದಾರಿ ಬಿಟ್ಟೆ. ಯಾರೋ ಪರರಿಗೆ ಬಿಡುವ ಹಾಗೆ.

ಆಮೇಲೆ ಏನೂ ಆಗಿಲ್ಲ ಎಂಬಂತೆ ಒಳಗೆ ಹೋಗಿ, ಸ್ಟೂಲು ದೂರವಾಯಿತೆಂದು ಆ ಕಂಬಿ ಇಳಿಸಿ, ಹಾಸಿಗೆಯ ಅಂಚಿಗೆ ಕೂತು ಹರಟಿದೆ. ಹೊರಡುವಾಗ ಹಿಂದಿನಿಂದ ನೀನು, ಅಜ್ಜೀ, ಕಂಬಿ ಎತ್ತಬೇಕು ಎಂದು ಏನೋ ಕರೆದೆ. ಕಿವಿ ಮಂದವೆಂಬುದು ಆವತ್ತು ಅನುಕೂಲಕ್ಕೆ ಬಂತು. ತಿರುಗಿ ನೋಡದೆ ಬಂದುಬಿಟ್ಟೆ.

ತೆಳ್ಳಗಾಗಿದ್ದೀಯ. ಅದನ್ನಾದರೂ ಆವತ್ತು ಹೇಳಬಹುದಿತ್ತು.

ಅಮ್ಮ

ಫೆಬ್ರವರಿ ೨೨

ಅಮ್ಮನಿಗೆ,

ನಿಮ್ಮ ಕಾಗದ ಬಂತು. ನೀವು ಅಷ್ಟೆಲ್ಲ ಬರೆಯಬೇಕಾಗಿರಲಿಲ್ಲ.

ನಿಮ್ಮ ಗೆಳತಿ ಆ ಸಂಜೆಯೇ ಮಂಚದಿಂದ ಬಿದ್ದರು. ನೀರಿನ ಲೋಟಕ್ಕೆ ಕೈ ಚಾಚಿದರಂತೆ, ಆ ಪಕ್ಕದ ಕಂಬಿ ಇಳಿದಿತ್ತು. ಹಣೆಗೆ ಹೊಲಿಗೆ ಹಾಕಿದ್ದಾರೆ, ಮಣಿಕಟ್ಟು ಮುರಿದಿದೆ, ಸೊಂಟಕ್ಕೆ ದೇವರ ದಯೆಯಿಂದ ಏನೂ ಆಗಿಲ್ಲ. ಆ ಸಾಲಿನ ಮಂಚಗಳ ಹೊಣೆ ನನ್ನದಾಗಿತ್ತು. ತೀರ್ಮಾನವಾಗುವವರೆಗೆ ವಾರ್ಡಿಗೆ ಬರಬೇಡ ಎಂದಿದ್ದಾರೆ. ಬರುವ ಸೋಮವಾರ ಮೇಟ್ರನ್ ವಿಚಾರಣೆ ಮಾಡುತ್ತಾರೆ. ಇಂಥದ್ದಕ್ಕೆ ಕೋರ್ಸಿನಿಂದಲೇ ತೆಗೆದದ್ದೂ ಉಂಟು.

ಕಂಬಿ ಇಳಿಸಿದ್ದು ಯಾರು ಎಂದು ಕೇಳಿದರು. ನೋಡಲಿಲ್ಲ ಎಂದಿದ್ದೇನೆ. ನೀವು ಚಿಂತೆ ಮಾಡಬೇಡಿ.

ನಿಮ್ಮ ಮಗಳು

ಫೆಬ್ರವರಿ ೨೪

ಮಗಳೇ,

ನೀವು, ನಿಮ್ಮ ಎಂದು ಬರೆದಿದ್ದೀಯ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೋಸ್ಟಮ್ಮ ಬಿದ್ದ ಸುದ್ದಿ ಬೆಂಚಿಗೂ ಬಂದಿತ್ತು. ಅಲ್ಲಿನ ನರ್ಸುಗಳ ಅಸಡ್ಡೆ ಎಂದರು. ನಾನು ತಲೆಯಾಡಿಸಿದೆ. ಯಾವ ಪಕ್ಕದ ಕಂಬಿ ಎಂದು ನಿನ್ನ ಕಾಗದ ನೋಡಿದ ಮೇಲೆ ತಿಳಿಯಿತು, ನಾನು ಇಳಿಸಿದ್ದೇ.

ಸೋಮವಾರ ನಾನು ಮೇಟ್ರನ್ ಹತ್ತಿರ ಬಂದು ಇಳಿಸಿದ್ದು ನಾನೇ ಎಂದು ಹೇಳುತ್ತೇನೆ. ಆದರೆ ತಾಯಿ ಎಂದು ಬಂದರೆ, ಹೆತ್ತವರಿಗೆ ಹೆಗ್ಗಣ ಮುದ್ದು, ಮಗಳನ್ನು ಉಳಿಸಲು ಬಂದಿದ್ದಾಳೆ ಎಂದು ತಳ್ಳಿಹಾಕುತ್ತಾರೆ. ಆದ್ದರಿಂದ ರೋಗಿಯನ್ನು ನೋಡಲು ಬಂದ ಯಾರೋ ಒಬ್ಬ ಅಜ್ಜಿ ಎಂದು ಬರುತ್ತೇನೆ. ನೀನು ಬಾಯಿ ಬಿಡಬೇಡ. ಈ ಒಂದು ಸಲ ನಾನು ಹೇಳಿದ್ದು ಕೇಳು.

ಅಮ್ಮ

ಫೆಬ್ರವರಿ ೨೮

ಮಗಳೇ,

ನಿನ್ನಂಥ ದಡ್ಡಿಯನ್ನು ನಾನು ಹೆತ್ತೆನಲ್ಲ.

ನೀನು ಬಾಗಿಲ ಹೊರಗಿದ್ದೆ, ಒಳಗೆ ಎಷ್ಟು ಚೆನ್ನಾಗಿ ನಡೆದಿತ್ತೆಂದು ನಿನಗೆ ಗೊತ್ತಿಲ್ಲ. ಮೇಟ್ರನ್ ಬೆರಳುದ್ದದ ಹೆಂಗಸು, ನೋಟ ಮಾತ್ರ ಸೂಜಿ. ನಾನು ಕಂಬಿ ಇಳಿಸಿದ್ದು, ಆ ಹುಡುಗಿ ಕರೆದರೂ ತಿರುಗದೆ ಹೋದದ್ದು, ಒಂದನ್ನೂ ಬಿಡದೆ ಹೇಳಿದೆ. ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಅವರು ಪೆನ್ನು ಕೈಗೆ ತೆಗೆದುಕೊಂಡರು. ಬಂದವರು ಹೇಳದೆ ಇಳಿಸಿ ಕರೆದರೂ ನಿಲ್ಲದೆ ಹೋದರೆ ಹುಡುಗಿಯನ್ನು ಅಷ್ಟಾಗಿ ದೂರುವ ಹಾಗಿಲ್ಲ, ಎಚ್ಚರಿಕೆ ಕೊಟ್ಟು ಬಿಡಬಹುದು ಎಂದರು. ಆಮೇಲೆ ಕೇಳಿದರು, ಆ ವಿದ್ಯಾರ್ಥಿನಿ ನಿಮಗೆ ಪರಿಚಯವೇ ಎಂದು.

"ಇಲ್ಲಮ್ಮ. ಅವತ್ತೇ ಮೊದಲು ನೋಡಿದ್ದು" ಎಂದೆ.

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು ಮಾತು. ಆಗ ನಿನ್ನನ್ನು ಒಳಗೆ ಕರೆದರು. ಈ ಅಜ್ಜಿಯನ್ನು ಬಲ್ಲಿರಾ ಎಂದು ಕೇಳಿದರು. ಒಂದು ಸಲ ತಲೆ ಅಲ್ಲಾಡಿಸಿದ್ದರೆ ಸಾಕಾಗಿತ್ತು.

"ಗೊತ್ತು ಮೇಡಂ. ನಮ್ಮಮ್ಮ" ಎಂದೆ ನೀನು.

ಮೇಟ್ರನ್ ಪೆನ್ನು ಕೆಳಗಿಟ್ಟರು. ಹಾಗಾದರೆ ಇವರು ಹೇಳಿದ್ದರಲ್ಲಿ ಯಾವುದನ್ನು ನಂಬಲಿ ಎಂದು ನಿನ್ನನ್ನು ಕೇಳಿದರು, ನನ್ನನ್ನಲ್ಲ. ನನ್ನ ಕಡೆ ನೋಡಲೂ ಇಲ್ಲ. ಈ ವಯಸ್ಸಿನವರೆಗೆ ನನ್ನನ್ನು ಬಾಯಿಬಡುಕಿ ಎಂದವರಿದ್ದಾರೆ, ಗಯ್ಯಾಳಿ ಎಂದವರಿದ್ದಾರೆ. ಕೋಣೆಯಲ್ಲಿ ಇಲ್ಲವೇ ಇಲ್ಲ ಎಂಬಂತೆ ಯಾರೂ ನಡೆಸಿಕೊಂಡಿರಲಿಲ್ಲ. ನಾನು ನಿನಗೆ ಮಾಡಿದ್ದೂ ಇದೇ ಎಂದು ಅಲ್ಲಿ ನಿಂತಾಗ ಹೊಳೆಯಿತು.

ಕೋರ್ಸಿನಿಂದ ತೆಗೆಯಲಿಲ್ಲ, ಸರಿ. ಆದರೆ ನೀನು ಆರು ತಿಂಗಳು ಹಿಂದೆ ಬಿದ್ದೆ. ನಿನ್ನ ಜೊತೆಯ ಮಕ್ಕಳು ಮುಂದೆ ಹೋಗುತ್ತಾರೆ, ನೀನು ಮೊದಲಿನಿಂದ ಅದೇ ವಾರ್ಡು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಾನು ಆನೆಯನ್ನೇ ಹಿಡಿದು ತಂದು ಬಾಗಿಲಲ್ಲಿ ಕಟ್ಟಿದ್ದೆ. ನೀನು ಹಗ್ಗ ಬಿಚ್ಚಿ ಓಡಿಸಿದೆ.

ಯಾಕೆ ಹೇಳಿದೆ? ಹೊರಗೆ ಬಂದ ಮೇಲೆ ಕೇಳಲು ನಿನ್ನ ತೋಳು ಹಿಡಿದೆ. ಮನೆಗೆ ಹೋಗಮ್ಮ, ಆಮೇಲೆ ಬಸ್ಸು ಸಿಗಲ್ಲ ಎಂದೆ ನೀನು.

ಅಮ್ಮ

ಮಾರ್ಚ್ ೬

ಅಮ್ಮ,

ಭೇಟಿಯ ಸಮಯ ಮುಗಿದ ಮೇಲೆ ಒಂದೊಂದು ಮಂಚಕ್ಕೂ ಹೋಗಿ ಕಂಬಿಯನ್ನು ಕೈಯಿಂದ ಅಲ್ಲಾಡಿಸಿ ನೋಡಬೇಕು. ನಮ್ಮ ಕೆಲಸದಲ್ಲಿ ಅದು ಅ ಆ ಇ ಈ. ನೋಡಲು ಬಂದವರು ಇಳಿಸಿಯೇ ಇಳಿಸುತ್ತಾರೆ ಎಂದು ಗೊತ್ತಿರುವುದರಿಂದಲೇ ಆ ನಿಯಮ ಇರುವುದು. ಆವತ್ತು ಎಲ್ಲ ಮಂಚಕ್ಕೂ ಹೋದೆ, ಆ ಒಂದಕ್ಕೆ ಹೋಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ನೀನು ಕೂತಿದ್ದ ಜಾಗ ಇನ್ನೂ ತಗ್ಗಾಗಿ ಕಾಣುತ್ತಿತ್ತು. ಬಟ್ಟೆ ಇಡುವ ಕೋಣೆಗೆ ಹೋಗಿ, ಮಡಿಸಿಟ್ಟ ಹೊದಿಕೆಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತ ನಿಂತೆ. ಅವರು ಬಿದ್ದ ಸದ್ದು ಅಲ್ಲಿಗೆ ಕೇಳಿಸಿತು.

ಇಳಿಸಿದ್ದು ನೀನು, ಎತ್ತದೆ ಬಿಟ್ಟದ್ದು ನಾನು. ನನ್ನ ಅವಮಾನ ಅವರ ಹಣೆಯ ಮೇಲೆ ಹೊಲಿಗೆಯಾಗಿ ಕೂತಿದೆ. ಅದಕ್ಕೆ ಆರು ತಿಂಗಳು ಹೆಚ್ಚೇನಲ್ಲ.

ಯಾಕೆ ಹೇಳಿದೆ ಎಂದು ಕೇಳಿದ್ದೀಯ. ವಾರ್ಡಿನಲ್ಲಿ ನೀನು ನನ್ನನ್ನು ಸಿಸ್ಟರ್ ಎಂದಾಗ, ನಿನ್ನ ಮರ್ಯಾದೆ ಉಳಿಯಲಿ ಎಂದು ಅಜ್ಜಿ ಎಂದೆ. ಮೇಟ್ರನ್ ಕೋಣೆಯಲ್ಲಿ ನೀನು ಹೇಳಿದ್ದು ನನ್ನ ಒಳ್ಳೆಯದಕ್ಕೆ, ಗೊತ್ತು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ ಅಮ್ಮ. ಅವತ್ತೇ ಮೊದಲು ನೋಡಿದ್ದು ಎಂದು ನೀನು ಎಷ್ಟು ಸಲೀಸಾಗಿ ಹೇಳಿದೆ. ನನ್ನನ್ನು ಕೇಳಿದಾಗ ತಲೆ ಅಲ್ಲಾಡಿಸಬೇಕೆಂದೇ ಒಳಗೆ ಬಂದಿದ್ದೆ. ಕತ್ತು ಕೇಳಲಿಲ್ಲ.

ಮೇಟ್ರನ್ ಆಮೇಲೆ ನನ್ನನ್ನು ಒಬ್ಬಳನ್ನೇ ಕೇಳಿದರು, ನಿಮ್ಮ ತಾಯಿ ಯಾಕೆ ನಿಮ್ಮನ್ನು ಅರಿಯೆ ಎಂದರು ಎಂದು. ನನ್ನನ್ನು ಉಳಿಸಲು ಎಂದೆ. ನೀನು ಹಾಗೆಂದದ್ದು ಎರಡು ಸಲ, ನಾನು ಒಂದು ಸಲದ್ದನ್ನು ಮಾತ್ರ ಹೇಳಿದೆ.

ನಿನ್ನ ಮಗಳು

ಮಾರ್ಚ್ ೨೩

ಮಗಳೇ,

ನಿನ್ನ ಕಾಗದಕ್ಕೆ ಉತ್ತರ ಬರೆಯುವ ಮುಖ ಇರಲಿಲ್ಲ. ಈಗಲೂ ಇಲ್ಲ, ಆದರೂ ಬರೆಯುತ್ತೇನೆ.

ಬೆಂಚಿನ ಮೇಲೆ ಹೇಳಿದೆ. ಮಗಳು ಹೆಡ್‌ಮಿಸ್ ಅಲ್ಲ, ಆವತ್ತು ನಾವು ಬೈದ ನರ್ಸು ಎಂದು. ನರ್ಸು ಎಂಬುದಕ್ಕೆ ಒಬ್ಬರೂ ಹುಬ್ಬೇರಿಸಲಿಲ್ಲ. ವಕೀಲರ ಅತ್ತೆಯ ತಂಗಿಯ ಸೊಸೆಯೇ ನರ್ಸಂತೆ, ಅವಳ ಗುಣಗಾನ ಮಾಡಿದಳು. ಮಾಡಿ, ನನ್ನನ್ನು ಒಂದು ಥರ ನೋಡಿದಳು. ಈಗ ನಾನು ಬೆಂಚಿಗೆ ಬಂದರೆ ಮಾತು ತರಕಾರಿಯ ಬೆಲೆಗೆ ಹೊರಳುತ್ತದೆ. ನಿನ್ನಿಂದ ನನಗೆ ಬರುತ್ತದೆ ಎಂದು ಹೆದರಿದ್ದ ಅವಮಾನ ನನ್ನಿಂದಲೇ ನನಗೆ ಬಂತು.

ಪೋಸ್ಟಮ್ಮನಿಗೆ ಹೇಳುವುದು ಕಷ್ಟವಾಯಿತು. ಕಂಬಿ ಇಳಿಸಿದ್ದಕ್ಕೆ ಅವಳು ಏನೂ ಅನ್ನಲಿಲ್ಲ.

"ನಿನ್ನ ಮಗಳನ್ನ ನಿನ್ನ ಮುಂದೆ ನನ್ನ ಬಾಯಲ್ಲಿ ಬೈಸಿದ್ಯಲ್ಲೇ" ಎಂದಳು. "ನಾನು ಅಂಥೋಳು ಅಂತ ತಿಳ್ಕೊಂಡಿದ್ಯಾ?"

ಹೊಲಿಗೆ ಹಾಕಿದ ಹಣೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಆವತ್ತಿನಿಂದ ಮಾತಿಲ್ಲ. ನಾನು ದಿನಾ ಹೋಗಿ ಸ್ಟೂಲಿನ ಮೇಲೆ ಕೂತು ಬರುತ್ತೇನೆ. ಅವಳು ಗೋಡೆ ನೋಡುತ್ತಾಳೆ, ನಾನು ಅವಳ ಜಡೆ ನೋಡುತ್ತೇನೆ. ನೀನು ಬಂದು ಹೋಗುತ್ತೀಯ, ನನ್ನನ್ನು ಊಟ ಆಯ್ತಾ ಎಂದು ಕೇಳುತ್ತೀಯ. ಅಮ್ಮ ಎಂದು ಕರೆದು ಕೇಳುತ್ತೀಯೋ, ಬರೀ ಕೇಳುತ್ತೀಯೋ ಎಂದು ಕಿವಿ ನಿಮಿರಿಸಿಕೊಂಡಿರುತ್ತೇನೆ. ಒಂದೊಂದು ದಿನ ಒಂದೊಂದು ಥರ.

ನಿನ್ನೆಯ ಮಾತು. ನೀನು ಅಲ್ಲೇ ಇದ್ದೆ, ಆದರೆ ನನ್ನ ಕಡೆಯಿಂದ ಅದು ಹೇಗಿತ್ತೆಂದು ನಿನಗೆ ಗೊತ್ತಿಲ್ಲ. ಪಕ್ಕದ ಮಂಚಕ್ಕೆ ಹೊಸದಾಗಿ ಬಂದ ಮುದುಕಿಯ ಸೊಸೆ, ಪೋಸ್ಟಮ್ಮ ನನ್ನ ಜೊತೆ ಮಾತಾಡದೆ ಮಲಗಿದ್ದು ನೋಡಿ, "ಯಾರನ್ನ ನೋಡೋಕೆ ಬರ್ತೀರಿ ಅಜ್ಜಿ?" ಎಂದು ಕೇಳಿದಳು. ಎದುರಿನ ಮಂಚದಲ್ಲಿ ನೀನು ಬೆನ್ನು ಹಾಕಿ ಹೊದಿಕೆಯ ಮೂಲೆ ಸಿಕ್ಕಿಸುತ್ತಿದ್ದೆ.

ಮೊದಲಾಗಿದ್ದರೆ ನಿನ್ನ ಕೆಲಸಕ್ಕೆ ನಾಚುತ್ತಿದ್ದೆ. ಈಗ ಮಗಳು ಎಂದು ಹೇಳಿಕೊಳ್ಳುವುದಕ್ಕೇ ನಾಚಿಕೆಯಾಯಿತು, ಕೇಳದೆ ಯಾರದೋ ವಸ್ತುವಿಗೆ ಕೈ ಹಾಕುವವಳ ಹಾಗೆ. ಅವಳು ಕಾಯುತ್ತಿದ್ದಳು. ನಿನ್ನ ಕಡೆ ಕೈ ತೋರಿಸಿ ಸಣ್ಣ ದನಿಯಲ್ಲಿ ಮಗಳು ಎಂದೆ. ಅವಳಿಗೆ ಕೇಳಿಸಲಿಲ್ಲ. ಏನಂದ್ರಿ ಎಂದಳು.

"ನನ್ನ ಮಗಳು. ಆ ನರ್ಸು, ಅವಳು ನನ್ನ ಮಗಳು" ಎಂದೆ.

ಕಿವಿ ಮಂದವಾದವರಿಗೆ ತಮ್ಮ ದನಿ ಎಷ್ಟೆಂದು ತಿಳಿಯುವುದಿಲ್ಲ. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಗೋಡೆಯ ಕಡೆಯಿಂದ ಪೋಸ್ಟಮ್ಮ, "ಮೆಲ್ಲಗೆ ಹೇಳೇ, ಇಲ್ಲಿ ಕಾಯಿಲೆಯವರಿದ್ದಾರೆ" ಎಂದಳು.

ನೀನು ತಿರುಗಲಿಲ್ಲ. ಮೂಲೆ ಸಿಕ್ಕಿಸಿ ಮುಗಿದಿತ್ತು, ಅದನ್ನೇ ಬಿಚ್ಚಿ ಇನ್ನೊಂದು ಸಲ ಸಿಕ್ಕಿಸಿದೆ. ಮಾಸ್ಕಿನ ದಾರದ ಹಿಂದೆ ನಿನ್ನ ಕಿವಿ ಕೆಂಪಾದದ್ದು ನನಗೆ ಸ್ಟೂಲಿನಿಂದ ಕಾಣಿಸಿತು. ಅದು ಸಿಟ್ಟಿಗೋ ನಾಚಿಕೆಗೋ ಎಂದು ನಾನು ಕೇಳುವುದಿಲ್ಲ. ನಾಳೆಯೂ ಬರುತ್ತೇನೆ.

ನಿನ್ನ
ಅಮ್ಮ